ಹುಣಸೆ ಸಾಲು ಬಿದ್ದ ಸಂಜೆ: ಹೊಳಲ್ಕೆರೆ ತಾಲ್ಲೂಕಿನ ಒಂದು ಮರ ತೆರವು ಕಾರ್ಯದ ಪ್ರಕರಣ ಅಧ್ಯಯನ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಭರಣಿ ಮಳೆ ಹುಟ್ಟಿದ ಎರಡನೆಯ ದಿನದ ಸಂಜೆ ಬೀಸಿದ ಬಿರುಗಾಳಿಗೆ ಏಳು ಮರಗಳು ಉರುಳಿದವು. ಅವುಗಳನ್ನು ತೆರವುಗೊಳಿಸಲು ತಾಲ್ಲೂಕು ಕೇಂದ್ರದಿಂದ ಹೋದ ಒಂಬತ್ತು ಜನರ ಸ್ವಯಂಸೇವಕ ತಂಡದಲ್ಲಿ ನಾನೂ ಇದ್ದೆ. ಗರಗಸ ಹಿಡಿಯುವುದು ನನ್ನ ಕೆಲಸವಾಗಿರಲಿಲ್ಲ. ಫೋನ್ ಮಾಡುವುದು, ಟಾರ್ಚ್ ಹಿಡಿಯುವುದು, ಯಾವ ಕೆಲಸ ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಪಾಲಿಗೆ ಬಂದಿತ್ತು. ಊರಿನ ಹೆಸರನ್ನೂ ಜನರ ಹೆಸರುಗಳನ್ನೂ ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ.

ಶನಿವಾರ ಸಂಜೆ 6.30ಕ್ಕೆ ನಾವು ಅಲ್ಲಿಗೆ ತಲುಪಿದೆವು, ಭಾನುವಾರ ಮಧ್ಯಾಹ್ನ 2.30ಕ್ಕೆ ಕೊನೆಯ ಮರವನ್ನು ಬದಿಗೆ ಸರಿಸಿದೆವು. ಈ 20 ಗಂಟೆಗಳಲ್ಲಿ ಯಂತ್ರದ ಗರಗಸಗಳು ಓಡಿದ ಹೊತ್ತನ್ನು ಕೂಡಿಸಿದರೆ ಐದು ಗಂಟೆಯೂ ಆಗುವುದಿಲ್ಲ. ನಿದ್ದೆ ಮತ್ತು ಊಟದ ಹೊತ್ತನ್ನು ಕಳೆದರೂ ಉಳಿಯುವ ದೊಡ್ಡ ಪಾಲು ಕಾಯುವುದರಲ್ಲಿಯೇ ಹೋಗಿದೆ. ಆ ರಾತ್ರಿ ನಮ್ಮನ್ನು ಸುತ್ತುವರಿದಿದ್ದ ಊರಿನವರಿಗೆ ಇದು ಸೋಮಾರಿತನವಾಗಿ ಕಂಡಿತು. ಒಬ್ಬರು ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟರು. ಎಲ್ಲಿ ಕಾದದ್ದು ಸರಿಯಾಯಿತು, ಎಲ್ಲಿ ಸುಮ್ಮನೆ ಹೊತ್ತು ಹಾಳಾಯಿತು, ಎಲ್ಲಿ ಕಾಯದೆ ಹೋಗಿ ಒಬ್ಬನ ಪ್ರಾಣಕ್ಕೆ ಸಂಚಕಾರ ಬರುವುದರಲ್ಲಿತ್ತು ಎಂಬುದನ್ನು ಬಿಡಿಸಿ ನೋಡುವುದಕ್ಕಾಗಿಯೇ ನೋಟ್‌ಬುಕ್ಕನ್ನು ಮತ್ತೆ ತೆರೆದಿದ್ದೇನೆ.

ಸ್ಥಳ ಮತ್ತು ಗಾಳಿ

ಮುಖ್ಯ ರಸ್ತೆಯಿಂದ ಊರಿಗೆ ಸುಮಾರು ಎರಡು ಕಿಲೋಮೀಟರ್ ಡಾಂಬರು ರಸ್ತೆಯಿದೆ. ಉತ್ತರದಿಂದ ದಕ್ಷಿಣಕ್ಕೆ ಹೋಗುವ ಈ ರಸ್ತೆಯ ಎರಡೂ ಬದಿಯಲ್ಲಿ ತಲಾ ಏಳರಂತೆ 14 ಹಳೆಯ ಹುಣಸೆ ಮರಗಳಿದ್ದವು. ಪಶ್ಚಿಮದ ಸಾಲಿನ ಹಿಂದೆ ವಿದ್ಯುತ್ ಕಂಬಗಳು, ಪೂರ್ವದ ಸಾಲಿನ ಹಿಂದೆ ಹೊಲ, ಹೊಲ ದಾಟಿದರೆ ಕೊಳವೆಬಾವಿಯ ನೀರಿನಲ್ಲಿ ಬೆಳೆದ ಅಡಿಕೆ ತೋಟಗಳು, ಅವುಗಳ ಆಚೆಗೆ ಕೆರೆ. ಊರೊಳಗೆ ಹಾಲಿನ ಡೈರಿ, ಒಂದು ಹಿಟ್ಟಿನ ಗಿರಣಿ, ಶಾಲೆ, ಇನ್ನೂರಕ್ಕೆ ಸ್ವಲ್ಪ ಕಡಿಮೆ ಮನೆಗಳು.

ಏಪ್ರಿಲ್ ಕೊನೆಯ ವಾರ ಮತ್ತು ಮೇ ತಿಂಗಳಲ್ಲಿ ಬಯಲುಸೀಮೆಯಲ್ಲಿ ಬರುವ ಮಳೆಯ ಸ್ವಭಾವ ಇಲ್ಲಿಯವರಿಗೆ ಹೊಸದಲ್ಲ. ಹಗಲೆಲ್ಲ ಕಾದ ನೆಲದ ಮೇಲಿನ ಗಾಳಿ ತೇವವನ್ನು ಹೊತ್ತು ಮೇಲೇರಿ ಸಂಜೆಯ ಹೊತ್ತಿಗೆ ಎತ್ತರದ ಮೋಡವಾಗುತ್ತದೆ. ಅದರಿಂದ ಸುರಿಯುವ ಹನಿಗಳು ಕೆಳಗಿನ ಒಣಗಾಳಿಯಲ್ಲಿ ಆವಿಯಾಗುತ್ತಾ ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡುತ್ತವೆ. ತಣ್ಣಗಾಗಿ ಭಾರವಾದ ಆ ಗಾಳಿ ನೆಲಕ್ಕೆ ಅಪ್ಪಳಿಸಿ ನಾಲ್ಕೂ ಕಡೆಗೆ ಹರಡುತ್ತದೆ. ಮಳೆಗಿಂತ ಮೊದಲು ಧೂಳೇಳುವುದು ಇದರಿಂದಲೇ. ಅಂದು ಮೋಡ ಕಟ್ಟಿದ್ದು ಮೂಡಲಲ್ಲಿ, ಗಾಳಿ ಬಂದದ್ದೂ ಮೂಡಲಿಂದ. 5.10ರ ಸುಮಾರಿಗೆ ಶುರುವಾದ ಗಾಳಿ ಅರ್ಧ ಗಂಟೆಯೊಳಗೆ ಇಳಿಯಿತೆಂದು ಊರಿನವರು ಹೇಳಿದರು. ಅಷ್ಟರಲ್ಲಿ ಪೂರ್ವದ ಸಾಲಿನ ಐದು ಹುಣಸೆ ಮರಗಳು ರಸ್ತೆಗೆ ಅಡ್ಡವಾಗಿ ಪಶ್ಚಿಮಕ್ಕೆ ಬಿದ್ದು, ಅವುಗಳ ತಲೆಗಳು ವಿದ್ಯುತ್ ತಂತಿಗಳನ್ನು ಎಳೆದುಕೊಂಡಿದ್ದವು. ಊರ ಬಾಗಿಲಿನ ಹೊಂಗೆ ಮರ ಕಂಬವೊಂದಕ್ಕೆ ಒರಗಿತ್ತು. ಒಂದು ಬೇವಿನ ಮರ ಹೆಂಚಿನ ಮನೆಯ ಮೇಲೆ ಮಲಗಿತ್ತು. ಆ ಮನೆಯ ಅಜ್ಜಿ ಮತ್ತು ಮೊಮ್ಮಗ ಹಿಂದಿನ ಅಡುಗೆ ಕೋಣೆಯಲ್ಲಿದ್ದರಾದ್ದರಿಂದ ಅವರಿಗೆ ಏನೂ ಆಗಲಿಲ್ಲ.

ಗರಗಸ ಇಳಿಸದ ಎರಡು ಗಂಟೆ

ನಾವು ಹೋದಾಗ ಊರಿನ ಹುಡುಗರು ಕೊಡಲಿ, ಮಚ್ಚು ಹಿಡಿದು ಮೊದಲನೆಯ ಮರದ ತಲೆಯ ಕಡೆಯಿಂದ ಸವರಲು ಶುರುಮಾಡಿದ್ದರು. ದೂರದ ಕೊನೆಯ ಗುಡುಗು ಕೇಳಿ ಹತ್ತು ನಿಮಿಷವಷ್ಟೇ ಆಗಿತ್ತು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಬಯಲಿಗೆ ಬರಬಾರದೆಂಬುದು ಸಿಡಿಲಿನ ವಿಷಯದಲ್ಲಿ ಎಲ್ಲೆಡೆ ಹೇಳುವ ನಿಯಮ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಕೂಡ ನಮ್ಮ ಸುತ್ತ ಸಿಡಿಲು ಬಿದ್ದ ಗುರುತುಗಳನ್ನು ತೋರಿಸುತ್ತಿತ್ತು. ಹೀಗಾಗಿ ಹುಡುಗರನ್ನೂ ಕರೆದುಕೊಂಡು ಮುಖ್ಯ ರಸ್ತೆಯ ಬಸ್ ನಿಲ್ದಾಣದ ಸೂರಿನಡಿ 6.50ರವರೆಗೆ ನಿಂತೆವು. ಈ ಇಪ್ಪತ್ತು ನಿಮಿಷದ ಬಗ್ಗೆ ಯಾರೂ ತಕರಾರು ಮಾಡಲಿಲ್ಲ. ತಕರಾರು ಎದ್ದದ್ದು ಆಮೇಲೆ, ಲೈನ್ ಕ್ಲಿಯರ್ (ತಂತಿಯ ವಿದ್ಯುತ್ ಕಡಿದಿದೆ, ಕೆಲಸ ಮಾಡಬಹುದು ಎಂಬ ಉಪಕೇಂದ್ರದ ಅನುಮತಿ) ಸಿಗುವವರೆಗೆ ಯಾರೂ ಮರ ಮುಟ್ಟುವಂತಿಲ್ಲವೆಂದು ನಮ್ಮ ತಂಡದ ಹಿರಿಯರು ಹೇಳಿದಾಗ.

ಊರಿನಲ್ಲಿ ಕರೆಂಟ್ ಹೋಗಿ ಆಗಲೇ ಎರಡು ಗಂಟೆಯಾಗಿತ್ತು. ಒಂದು ಮನೆಯಲ್ಲೂ ದೀಪವಿಲ್ಲದಿರುವಾಗ ತಂತಿಯಲ್ಲಿ ಏನಿದ್ದೀತು ಎಂಬುದು ಹುಡುಗರ ವಾದ. ಅಷ್ಟು ಹೊತ್ತಿಗೆ ಬೈಕಿನಲ್ಲಿ ಬಂದ ಲೈನ್‌ಮನ್ ಇದಕ್ಕೆ ಕೊಟ್ಟ ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದುಕೊಂಡಿದ್ದೇನೆ: “ಕರೆಂಟ್ ಇಲ್ಲ ಅಂತ ನಿಮ್ಗೆ ಕಾಣ್ತೈತೆ. ಸ್ಟೇಷನ್‌ನಾಗೆ ಕುಂತೋನಿಗೆ ಇಲ್ಲಿ ಮರ ಬಿದ್ದಿರೋದು ಕಾಣಲ್ಲ. ಟ್ರಿಪ್ ಆಗೈತೆ ಅಂತ ಒಂದ್ಸಲ ಚಾರ್ಜ್ ಮಾಡಿ ನೋಡೇ ನೋಡ್ತಾನೆ. ಆವಾಗ ನಿಮ್ ಕೊಡ್ಲಿ ಎಲ್ಲಿರ್ತೈತೆ?” ಗಾಳಿಮಳೆಯಲ್ಲಿ ಟೊಂಗೆ ತಾಗಿ ಫೀಡರ್ (ಉಪಕೇಂದ್ರದಿಂದ ಊರುಗಳಿಗೆ ಬರುವ ಲೈನ್) ತಾನಾಗಿ ಕಡಿದುಕೊಳ್ಳುವುದು, ಅಂದರೆ ಟ್ರಿಪ್ ಆಗುವುದು, ದಿನನಿತ್ಯದ ಮಾತು, ಟೊಂಗೆ ತಾನಾಗಿ ಸರಿದಿದ್ದರೆ ಲೈನ್ ನಿಲ್ಲುತ್ತದೆ ಎಂದು ಉಪಕೇಂದ್ರದಲ್ಲಿ ಮತ್ತೆ ಹಾಕಿ ನೋಡುವುದು ರೂಢಿ. ಬರಹದಲ್ಲಿ ಲೈನ್ ಕ್ಲಿಯರ್ ಪಡೆದು, ಸ್ವಿಚ್ ತೆಗೆದು, ಕೆಲಸದ ಜಾಗದ ಎರಡೂ ಕಡೆ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ತಿಂಗ್ ರಾಡ್ ಹಾಕುವವರೆಗೆ ಆ ತಂತಿಯನ್ನು ಜೀವಂತವೆಂದೇ ಎಣಿಸಬೇಕು.

ಎರಡೂ ಕಡೆ ಏಕೆಂದು ಕೇಳಿದ್ದಕ್ಕೆ ಅವರು ಹಿಟ್ಟಿನ ಗಿರಣಿಯ ಕಡೆ ಕೈ ತೋರಿಸಿದರು. ಕರೆಂಟ್ ಹೋದಾಗ ಅಲ್ಲಿ ಡೀಸೆಲ್ ಜನರೇಟರ್ ಓಡುತ್ತದೆ. ಮೇನ್ ಸ್ವಿಚ್ ಬೇರ್ಪಡಿಸದೆ ಓಡಿಸಿದರೆ ಆ ವಿದ್ಯುತ್ತು ಹಿಂದಕ್ಕೆ ತಂತಿಗೆ ಹರಿಯುತ್ತದೆ, ಟಿ.ಸಿ.ಯ (ಊರಿನ ಟ್ರಾನ್ಸ್‌ಫಾರ್ಮರ್) ಒಳಗೆ ತಿರುವುಮುರುವಾಗಿ ಹಾದು 11 ಸಾವಿರ ವೋಲ್ಟ್ ಆಗಿಯೂ ಮೇಲೇರಬಲ್ಲದು. ಊರಿನ ಇಬ್ಬರು ಹಿರಿಯರು ಮನೆಮನೆಗೆ ಹೋಗಿ ಜನರೇಟರ್, ಇನ್ವರ್ಟರ್ ಇದ್ದವರಿಗೆಲ್ಲ ಮೇನ್ ತೆಗೆಯಲು ಹೇಳಿಬಂದರು. ಲೈನ್ ಕ್ಲಿಯರ್ ನಮ್ಮ ಕೈಗೆ ಬಂದಾಗ 8.05 ಆಗಿತ್ತು.

ಈ 75 ನಿಮಿಷದಲ್ಲಿ ನಡೆದ ಇನ್ನೊಂದು ಕೆಲಸವೇ ಆ ರಾತ್ರಿಯ ದಿಕ್ಕನ್ನು ಬದಲಿಸಿತು. ಸುಮ್ಮನೆ ನಿಲ್ಲುವ ಬದಲು ಬಿದ್ದ ಮರಗಳನ್ನೆಲ್ಲ ನೋಡಿಬರೋಣವೆಂದು ನಾವು ನಾಲ್ವರು, ತುಂಡಾದ ತಂತಿಗಳಿಂದ ಹತ್ತು ಮೀಟರ್‌ಗೂ ಹೆಚ್ಚು ದೂರ ಉಳಿಯುವಂತೆ ಪೂರ್ವದ ಹೊಲದೊಳಗೆ ಇಳಿದು, ಮುಖ್ಯ ರಸ್ತೆಯಿಂದ ಊರಿನವರೆಗೆ ನಡೆದೆವು. ಮರಗಳನ್ನು ಮುಟ್ಟದೆಯೇ 1ರಿಂದ 5ರವರೆಗೆ ಸಂಖ್ಯೆ ಕೊಟ್ಟೆವು, ಲೈನ್ ಕ್ಲಿಯರ್ ಬಂದ ಮೇಲೆ ಅದನ್ನೇ ಬುಡಗಳ ಮೇಲೆ ಸುಣ್ಣದಲ್ಲಿ ಬರೆದೆವು. ಡೈರಿಯ ಮುಂದೆ ಹಾಲಿನ ವ್ಯಾನ್ ನಿಂತಿತ್ತು. ಸಂಜೆಯ ಹಾಲು 40 ಲೀಟರಿನ ಕ್ಯಾನುಗಳಲ್ಲಿ ತುಂಬಿತ್ತು. ಕರೆಂಟ್ ಇಲ್ಲದೆ ಶೀತಲ ಯಂತ್ರ ನಿಂತಿತ್ತು. ಆ ಸೆಕೆಯಲ್ಲಿ ನಾಲ್ಕೈದು ಗಂಟೆ ಕಳೆದರೆ ಹಾಲು ಒಡೆಯುತ್ತದೆ. ಇದಲ್ಲದೆ ಊರಿನ ಒಬ್ಬರು ಮರುದಿನ ಬೆಳಗ್ಗೆ ಏಳಕ್ಕೆ ಡಯಾಲಿಸಿಸ್‌ಗಾಗಿ ಚಿತ್ರದುರ್ಗಕ್ಕೆ ಹೊರಡಲೇಬೇಕಿತ್ತು. ಐದೂ ಮರಗಳನ್ನು ರಾತ್ರಿಯೇ ಕಡಿಯಬೇಕೆಂಬ ನಿರ್ಧಾರಕ್ಕೆ ನಾವು ಬಹುತೇಕ ಬಂದಿದ್ದೆವು. ಆಗ ಹಾಲು ಹಾಕಲು ಬಂದು ಅಲ್ಲೇ ಕುಳಿತಿದ್ದ ಹೆಂಗಸೊಬ್ಬರು, “ಕೆರೆ ಏರಿ ಮ್ಯಾಲಿನ ಗಾಡಿ ದಾರಿ ಯಾಕೆ ಬಿಟ್ರಿ? ಅದು ಮೂರನೇ ಮರದ ಹತ್ರ ಬಂದು ಕೂಡ್ತೈತಲ್ಲ” ಎಂದರು.

ಅವರ ಮಾತು ನಿಜವಾಗಿತ್ತು. ಮೂರನೆಯ ಮತ್ತು ನಾಲ್ಕನೆಯ ಮರಗಳ ನಡುವೆ ರಸ್ತೆಗೆ ಬಂದು ಸೇರುವ ಆ ಬಂಡಿದಾರಿಯಲ್ಲಿ ವ್ಯಾನ್ ನಿಧಾನಕ್ಕೆ ಬರಬಹುದಿತ್ತು. ಹಾಗಾದರೆ ರಾತ್ರಿ ತೆರೆಯಬೇಕಾದದ್ದು 1, 2 ಮತ್ತು 3ನೆಯ ಮರಗಳನ್ನು ಮಾತ್ರ. ಎಲ್ಲಕ್ಕಿಂತ ದೊಡ್ಡದಾದ, ಬೇರುಸಮೇತ ಗೋಡೆಯಂತೆ ಎದ್ದು ನಿಂತಿದ್ದ ನಾಲ್ಕನೆಯ ಮರಕ್ಕೆ ಟಾರ್ಚ್ ಬೆಳಕಿನಲ್ಲಿ ಗರಗಸ ಹಾಕುವುದು ತಪ್ಪಿತು. ಬಂದ ಕೂಡಲೇ ಕೆಲಸಕ್ಕೆ ಇಳಿದಿದ್ದರೆ ಆ ಹೆಂಗಸಿನ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಲೈನ್ ಕ್ಲಿಯರ್ ಬಂದ ಮೇಲೂ ಅರ್ಧ ಗಂಟೆ ಕಾದೆವು. ಇದು ಮಾತ್ರ ನಮ್ಮ ತಪ್ಪು. ರಸ್ತೆ ಬದಿಯ ಮರ ಸರ್ಕಾರದ್ದು, ಅರಣ್ಯ ಇಲಾಖೆಯವರು ಹೇಳದೆ ಮುಟ್ಟಿದರೆ ಕೇಸ್ ಆಗುತ್ತದೆಂದು ಒಬ್ಬರು ಹೆದರಿಸಿದರು, ಅರಣ್ಯ ಸಿಬ್ಬಂದಿಯ ಫೋನ್ ಸಿಗಲಿಲ್ಲ, ನಾವು ಮತ್ತೆ ಮತ್ತೆ ಹಚ್ಚುತ್ತಾ ಕುಳಿತೆವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವೃಕ್ಷ ಅಧಿಕಾರಿ ಅನುಮತಿ ನಿರಾಕರಿಸುವಂತಿಲ್ಲದ ಸಂದರ್ಭಗಳನ್ನು ಹೇಳಿದೆ. ಗಾಳಿಗೆ ಬಿದ್ದ ಮರ, ಪ್ರಾಣಕ್ಕೂ ಆಸ್ತಿಗೂ ಅಪಾಯ ಒಡ್ಡುವ ಮರ, ಸಂಚಾರಕ್ಕೆ ಅಡ್ಡಿಯಾದ ಮರ ಇವೆಲ್ಲ ಅದರಲ್ಲಿವೆ. ಪ್ರತಿ ಮರದ ಫೋಟೊ ತೆಗೆದು, ತಾಲ್ಲೂಕು ಕಚೇರಿಗೆ ಸಂದೇಶ ಕಳುಹಿಸಿ, ಕೊಯ್ದ ಮರವನ್ನು ಅಲ್ಲೇ ರಸ್ತೆ ಬದಿಗೆ ಬಿಟ್ಟಿದ್ದರೆ ಸಾಕಿತ್ತು. ಕೊನೆಗೆ ಮಾಡಿದ್ದೂ ಅದನ್ನೇ, ಆದರೆ 8.35ಕ್ಕೆ. ಎರಡು ಕ್ಯಾನ್ ಹಾಲು ಒಡೆದುಹೋಗಿದ್ದು ಮರುದಿನ ಗೊತ್ತಾಯಿತು. ಅರ್ಧ ಗಂಟೆ ಮೊದಲೇ ವ್ಯಾನ್ ಹೊರಟಿದ್ದರೆ ಅದು ಉಳಿಯುತ್ತಿತ್ತೋ ಇಲ್ಲವೋ, ಡೈರಿಯ ಕಾರ್ಯದರ್ಶಿಯಂತೂ ಆ ಲೆಕ್ಕವನ್ನು ನಮ್ಮ ತಲೆಗೇ ಕಟ್ಟಿದರು.

ರಾತ್ರಿಯ ಕೆಲಸಕ್ಕೆ ನಾವು ಹಾಕಿಕೊಂಡ ಗುರಿ ಸಣ್ಣದು. ಒಂದು ಸಾಲು ವಾಹನ ಹೋಗುವ ರಸ್ತೆಯ ಅಗಲ 3.75 ಮೀಟರ್, ಪ್ರತಿ ಮರದಿಂದಲೂ ಅಷ್ಟು ತುಂಡನ್ನು ಮಾತ್ರ ಬಿಡಿಸಿ, ಬುಡದ ಕಡೆಯದನ್ನೂ ತಲೆಯ ಕಡೆಯದನ್ನೂ ಹಾಗೆಯೇ ಬಿಡುವುದು. ಎರಡು ಯಂತ್ರಗಳ ನಡುವೆ ಒಂದು ಮರದುದ್ದಕ್ಕಿಂತ ಹೆಚ್ಚು ಅಂತರ ಇಟ್ಟೆವು. 12.05ಕ್ಕೆ ವ್ಯಾನ್ ಕೆರೆ ಏರಿಯ ದಾರಿಯಿಂದ ಬಂದು ಮೂರೂ ಮರಗಳ ನಡುವೆ ಹಾದು ಹೋಯಿತು.

ನಾಲ್ಕನೆಯ ಮರ

ಬೆಳಗ್ಗೆ 6.30ಕ್ಕೆ ಮತ್ತೆ ಶುರುಮಾಡಿದೆವು. ಡಯಾಲಿಸಿಸ್‌ಗೆ ಹೋಗಬೇಕಾದವರ ಕಾರು ಅಷ್ಟರಲ್ಲಿ ದಾಟಿತ್ತು. ಆತುರಕ್ಕೆ ಕಾರಣವೇ ಇರಲಿಲ್ಲ. ಆದರೂ ಈ ಪ್ರಕರಣದ ಮೂರು ಅವಘಡಗಳೂ ಆಗಿದ್ದು ಆ ಬೆಳಗಿನ ಎರಡೂವರೆ ಗಂಟೆಯಲ್ಲಿ.

ಮೊದಲನೆಯದು ಸಣ್ಣದು. ತೋಟದ ಮಾಲೀಕರೊಬ್ಬರು ಪ್ರೀತಿಯಿಂದ ತಮ್ಮ ಮನೆಯ ಗರಗಸದ ಯಂತ್ರ ತಂದುಕೊಟ್ಟರು. ಟು-ಸ್ಟ್ರೋಕ್ ಎಂಜಿನ್ ಆದ್ದರಿಂದ ಅದಕ್ಕೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ ಬೆರೆಸಬೇಕು. ಸಹಾಯಕ್ಕೆ ನಿಂತಿದ್ದ ಹುಡುಗ ಬೈಕಿನ ಟ್ಯಾಂಕಿನಿಂದ ಬಾಟಲಿಗೆ ಇಳಿಸಿಕೊಂಡ ಬರೀ ಪೆಟ್ರೋಲನ್ನು ಸುರಿದ. ಹದಿನೈದು ನಿಮಿಷ ಜೋರಾಗಿ ಓಡಿದ ಯಂತ್ರ ಒಮ್ಮೆಲೇ ಹಿಡಿದುಕೊಂಡು ನಿಂತಿತು. ಪಿಸ್ಟನ್ ಕಚ್ಚಿಕೊಂಡಿತ್ತು. ರಿಪೇರಿಯ ಖರ್ಚನ್ನು ತಂಡದವರು ಹಂಚಿಕೊಂಡೆವು. ಸಾಲ ತಂದ ಯಂತ್ರಕ್ಕೆ ನಮ್ಮ ಕ್ಯಾನಿನ ಇಂಧನವನ್ನೇ ಹಾಕಬೇಕೆಂಬ ಸಾಲೊಂದನ್ನು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಸೇರಿಸಿದೆ.

ಎರಡನೆಯದರಲ್ಲಿ ಕಲಿಯುವುದಿತ್ತು. ನಾಲ್ಕನೆಯ ಮರದ ಬುಡ ಪೂರ್ವದ ಅಂಚಿನಲ್ಲಿ, ತಲೆ ಪಶ್ಚಿಮದ ದಿಬ್ಬದ ಮೇಲೆ, ನಡುವಿನ ಕಾಂಡ ರಸ್ತೆಯ ಮೇಲೆ ಗೇಣುದ್ದ ಎತ್ತರದಲ್ಲಿ ಸೇತುವೆಯಂತೆ ನಿಂತಿತ್ತು. ಹೀಗೆ ಎರಡು ತುದಿಗೆ ಆಧಾರವಿದ್ದು ನಡು ಜೋತುಬಿದ್ದ ಕಾಂಡದ ಮೇಲ್ಭಾಗದ ನಾರುಗಳು ಒತ್ತಿಕೊಂಡಿರುತ್ತವೆ, ಕೆಳಭಾಗದವು ಎಳೆದುಕೊಂಡಿರುತ್ತವೆ. ಮೇಲಿನಿಂದ ಮೂರನೇ ಒಂದು ಭಾಗದಷ್ಟು ಕೊಯ್ದು, ಅಲ್ಲಿಗೆ ಬೆಣೆ ಬಡಿದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯಬೇಕು. ನಮ್ಮ ತಂಡದ ಯುವಕನೊಬ್ಬ ಹುರುಪಿನಲ್ಲಿ ಮೇಲಿನಿಂದಲೇ ಅರ್ಧದವರೆಗೆ ಇಳಿಸಿದ. ಕಾಂಡ ಕುಸಿದು ಗರಗಸದ ಅಲಗನ್ನು ಕಚ್ಚಿ ಹಿಡಿಯಿತು. ಅದನ್ನು ಬಿಡಿಸಲು ಇನ್ನೊಂದು ಯಂತ್ರ, ಎರಡು ಹಾರೆ, ಮೂರು ಬೆಣೆ ಮತ್ತು 40 ನಿಮಿಷ ಬೇಕಾಯಿತು. ಆಮೇಲೆ ಯಂತ್ರ ಹಿಡಿದವರು ಸಾಮಿಲ್‌ನಲ್ಲಿ ಬಹಳ ವರ್ಷ ದುಡಿದು ಬಿಟ್ಟಿದ್ದ ನಮ್ಮ ತಂಡದ ಹಿರಿಯರು. ಅವರು ಕೊಯ್ಯುವಾಗ ಮರವನ್ನು ನೋಡುವುದಕ್ಕಿಂತ ಹೆಚ್ಚಾಗಿ ಕಾಲಬುಡಕ್ಕೆ ಬೀಳುವ ಪುಡಿಯನ್ನು ನೋಡುತ್ತಿದ್ದರು. ಪುಡಿ ರವೆಯಂತೆ ತರಿತರಿಯಾಗಿದ್ದರೆ ಚೈನ್ ಹರಿತವಾಗಿದೆ; ಹಿಟ್ಟಿನಂತೆ ನುಣ್ಣಗಾದರೆ ಮೊಂಡಾಗಿದೆ, ಯಂತ್ರ ನಿಲ್ಲಿಸಿ ಅರ ಹಿಡಿಯಬೇಕು. ಗಟ್ಟಿ ಹುಣಸೆಗೆ ತೊಗಟೆಯ ಮೇಲಿನ ಮಣ್ಣು ಸೇರಿ ಚೈನ್ ಬೇಗ ಮೊಂಡಾಗುತ್ತಿತ್ತು. ಅದರ ಮೇಲೆ ಮೊಳೆಗಳ ಕಾಟ. ಎಷ್ಟೋ ವರ್ಷದಿಂದ ಟ್ಯೂಷನ್, ಸೈಟು, ಚುನಾವಣೆ ಎಂದು ಆ ಮರಕ್ಕೆ ಬಡಿದ ಬೋರ್ಡುಗಳು ಉದುರಿಹೋಗಿ ಮೊಳೆಗಳು ತೊಗಟೆಯೊಳಗೆ ಮುಚ್ಚಿಹೋಗಿದ್ದವು. ಎರಡು ಕಡೆ ಚೈನ್ ಮೊಳೆಗೆ ತಾಗಿ ಕಿಡಿ ಹಾರಿತು.

ಮೂರನೆಯದನ್ನು ಬರೆಯುವಾಗ ಇಂದಿಗೂ ಕೈ ತಡೆಯುತ್ತದೆ. ಬೇರುಸಮೇತ ಬಿದ್ದ ಮರದ ಬುಡದಲ್ಲಿ ಬೇರು ಮತ್ತು ಮಣ್ಣು ಸೇರಿ ಒಂದು ದೊಡ್ಡ ತಟ್ಟೆಯಾಗಿ ನೆಟ್ಟಗೆ ಎದ್ದಿರುತ್ತದೆ, ಅದರ ಹಿಂದೆ ಆಳವಾದ ಗುಂಡಿ ಬಿದ್ದಿರುತ್ತದೆ. ನಾಲ್ಕನೆಯ ಮರದ ಬೇರಿನ ತಟ್ಟೆ ಒಂದೂವರೆ ಆಳೆತ್ತರವಿತ್ತು. ಅದನ್ನು ಹಾಗೆ ಎತ್ತಿ ಹಿಡಿದಿರುವುದು ಮಲಗಿದ ಕಾಂಡದ ಭಾರ. ಬುಡದ ಹತ್ತಿರ ಕಾಂಡವನ್ನು ಕತ್ತರಿಸಿದರೆ ಆ ಭಾರ ತಪ್ಪಿ, ತಟ್ಟೆ ಹಿಂದಕ್ಕೆ ಮಗುಚಿ, ಮೋಟು ಬುಡ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಹಿಂದಿನ ಗುಂಡಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಚ್ಚಿಹೋಗುತ್ತದೆ. ಇದು ನಮ್ಮಲ್ಲಿ ಮೂವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಗುಂಡಿಯಲ್ಲಿ ತಂಪಾಗಿತ್ತು, ಬಿಸಿಲೇರುತ್ತಿತ್ತು, ಊರಿನವರು ಕಳುಹಿಸಿದ್ದ ಮಜ್ಜಿಗೆಯ ಬಿಳಿ ಪ್ಲಾಸ್ಟಿಕ್ ಕ್ಯಾನನ್ನು ಯಾರೋ ಅಲ್ಲಿ ನೆರಳಿಗೆ ಇಟ್ಟಿದ್ದರು.

ಬುಡದಿಂದ ಮೂರಡಿ ದೂರದಲ್ಲಿ ಕೊನೆಯ ಕೊಯ್ತ ನಡೆಯುತ್ತಿತ್ತು. ಕಾಂಡದಲ್ಲಿ ಇನ್ನು ಉಳಿದದ್ದು ನಾಲ್ಕು ಬೆರಳಿನಷ್ಟು. ಯಂತ್ರದ ಸದ್ದು 100 ಡೆಸಿಬೆಲ್ ದಾಟುವುದರಿಂದ ಕೊಯ್ಯುವವರು ಕಿವಿಗೆ ಮುಚ್ಚಳ ಹಾಕಿಕೊಂಡಿರುತ್ತಾರೆ, ಕೂಗಿದರೆ ಕೇಳಿಸುವುದಿಲ್ಲ. ಬಾಯಾರಿದ ಹುಡುಗನೊಬ್ಬ ತಟ್ಟೆಯ ಹಿಂದಿನಿಂದ ಬಂದು ಗುಂಡಿಗೆ ಇಳಿದು ಕ್ಯಾನಿಗೆ ಕೈ ಹಾಕಿದ್ದನ್ನು ನಾನು ರಸ್ತೆಯ ಆಚೆಯಿಂದ ಕಂಡೆ, ಟಾರ್ಚನ್ನು ಎತ್ತಿ ಅಲ್ಲಾಡಿಸಿದೆ. ಹಗಲಿನ ಬೆಳಕಿನಲ್ಲಿ ಅದು ಯಾರಿಗೂ ಕಾಣಲಿಲ್ಲ. ಹಿರಿಯರು ಯಂತ್ರವನ್ನು ಎತ್ತಿದ್ದು ನನ್ನಿಂದಲ್ಲ. ಪ್ರತಿ ಕೊನೆಯ ಕೊಯ್ತಕ್ಕೆ ಮೊದಲು ಒಮ್ಮೆ ತಲೆ ಎತ್ತಿ ಸುತ್ತ ನೋಡುವುದು ಅವರ ಅಭ್ಯಾಸವಾಗಿತ್ತು, ಆಗಲೂ ನೋಡಿದರು. ಎಂಜಿನ್ ಆಫ್ ಮಾಡಿ, ಕಿವಿಮುಚ್ಚಳ ತೆಗೆದು, ದನಿ ಏರಿಸದೆ, “ತಮ್ಮಾ, ಮ್ಯಾಲೆ ಬಾ. ಕ್ಯಾನ್ ಅಲ್ಲೇ ಇರ್ಲಿ” ಎಂದರು. ಹುಡುಗ ಮೇಲೆ ಬಂದ. ಎಲ್ಲರನ್ನೂ ರಸ್ತೆಯ ಮೇಲೆ ನಿಲ್ಲಿಸಿ ತಲೆ ಎಣಿಸಿದೆವು. ಮತ್ತೆ ಯಂತ್ರ ಹಚ್ಚಿ ಮೂರು ಎಣಿಸುವಷ್ಟರಲ್ಲಿ ಕಾಂಡ ತುಂಡಾಯಿತು. ಬೇರಿನ ತಟ್ಟೆ ನಿಟ್ಟುಸಿರಿಟ್ಟಂತೆ ಹಿಂದಕ್ಕೆ ವಾಲಿ ದಡ್ ಎಂದು ಗುಂಡಿಗೆ ಕುಳಿತಿತು, ಮೂರಡಿಯ ಮೋಟು ನೆಟ್ಟಗೆ ನಿಂತಿತು. ಕ್ಯಾನು ಒಳಗೇ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಮಣ್ಣಿನ ಸೀಳಿನಿಂದ ಮಜ್ಜಿಗೆ ಒಸರಿ ಹೊರಗೆ ಬಂತು.

ಆ ಮೇಲೆ ಅರ್ಧ ಗಂಟೆ ಯಾರೂ ಕೆಲಸ ಮಾಡಲಿಲ್ಲ. ಐದನೆಯ ಮರಕ್ಕೆ ಹೋಗುವಾಗ ಬುಡದ ಸುತ್ತ ಹಗ್ಗ ಕಟ್ಟಿ ಒಬ್ಬರನ್ನು ಕಾವಲಿಗೆ ನಿಲ್ಲಿಸಿದೆವು. ಕಾವಲಿಗೆ ನಿಂತವನು ಅದೇ ಹುಡುಗ. ನಾಲ್ಕನೆಯ ಮರಕ್ಕೂ ಹಾಗೆ ಮಾಡಲು ಐದು ನಿಮಿಷ ಸಾಕಿತ್ತು, ಹಗ್ಗವೂ ಗಾಡಿಯಲ್ಲೇ ಇತ್ತು.

ಮನೆಯ ಮೇಲಿನ ಬೇವು

ಬೇವು ಬಿದ್ದ ಮನೆಯ ಯಜಮಾನರು ಬೆಳಗ್ಗೆಯೇ ಬಂದು, ತಮ್ಮ ಮರವನ್ನು ಮುಟ್ಟಬಾರದೆಂದು ಕೈ ಮುಗಿದರು. ಮೊದಲಿಗೆ ನಮಗೆ ಅರ್ಥವಾಗಲಿಲ್ಲ. ಪಂಚನಾಮೆ ಆಗದೆ ಮರ ತೆಗೆದರೆ ಹೆಂಚು ಒಡೆದದ್ದು ಗಾಳಿಗೋ ಹಳೆಯದಾಗಿಯೋ ಎಂದು ಕೇಳುತ್ತಾರೆಂಬುದು ಅವರ ಭಯ, ಅದರಲ್ಲಿ ಹುರುಳಿತ್ತು. 2022ರಿಂದ 2026ರವರೆಗಿನ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಭಾಗಶಃ ಹಾನಿಯಾದ ಮನೆಗೆ ಪರಿಹಾರ ಸಿಗಲು ಕನಿಷ್ಠ ಶೇಕಡ 15ರಷ್ಟು ಹಾನಿಯಾಗಿರಬೇಕಿತ್ತು. ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ ಇತ್ತು. ರಾಜ್ಯ ಸರ್ಕಾರ ತನ್ನ ಪಾಲನ್ನು ಸೇರಿಸಿದರೂ ಸೇರಿಸದಿದ್ದರೂ, ಮರ ಮಾಡಿನ ಮೇಲಿರುವ ಫೋಟೊ ಇದ್ದವರ ಅರ್ಜಿಗೂ ಇಲ್ಲದವರ ಅರ್ಜಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಅಜ್ಜಿ, ಮೊಮ್ಮಗ ಇಬ್ಬರೂ ಪಕ್ಕದ ಮನೆಯಲ್ಲಿ ಸುರಕ್ಷಿತವಾಗಿದ್ದುದರಿಂದ ನಾವು ಕಾಯಲು ಒಪ್ಪಿದೆವು. ಗ್ರಾಮ ಆಡಳಿತ ಅಧಿಕಾರಿ 11.15ಕ್ಕೆ ಬಂದು ನಾಲ್ಕೂ ಕಡೆಯಿಂದ ಫೋಟೊ ತೆಗೆದು ಬರೆದುಕೊಂಡ ಮೇಲೆ ಕೆಲಸ ಶುರುವಾಯಿತು.

ಮಾಡಿನ ಮೇಲೆ ಯಂತ್ರದ ಗರಗಸ ಬಳಸಲಿಲ್ಲ. ಅಡಿಕೆ ಕೊಯ್ಲಿಗೆ ಹೋಗುವ ಊರಿನ ಇಬ್ಬರು, ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಮರದಿಂದ ಮರಕ್ಕೆ ದಾಟುವವರು, ಕೈಗರಗಸ ಹಿಡಿದು ಮೇಲೇರಿ ತುದಿಯ ರೆಂಬೆಗಳಿಂದ ಶುರುಮಾಡಿದರು. ಪ್ರತಿ ಟೊಂಗೆಯನ್ನೂ ಮೊದಲು ಹಗ್ಗಕ್ಕೆ ಕಟ್ಟಿ, ಹಗ್ಗವನ್ನು ಮೇಲಿನ ಕವಲಿಗೆ ಹಾಯಿಸಿ, ಕೆಳಗೆ ಇಬ್ಬರು ಹಿಡಿದ ಮೇಲೆ ಕೊಯ್ದು ನಿಧಾನಕ್ಕೆ ಇಳಿಸಿದರು. ಇನ್ನೂರಕ್ಕೂ ಹೆಚ್ಚು ಮಂಗಳೂರು ಹೆಂಚು ಮೊದಲೇ ಒಡೆದಿದ್ದವು. ಮರ ಇಳಿಸುವಾಗ ಒಡೆದದ್ದು ಏಳು. ಈ ಇಡೀ ಕೆಲಸದಲ್ಲಿ ಕಣ್ಣಿಗೆ ಹಬ್ಬವಾದ ಭಾಗ ಇದೊಂದೇ, ಇದರಲ್ಲಿ ನಮ್ಮ ತಂಡದ ಪಾಲು ಹಗ್ಗ ಹಿಡಿದು ನಿಂತದ್ದು ಮಾತ್ರ.

ಊರ ಬಾಗಿಲಿನ ಹೊಂಗೆಯನ್ನು ಜೆಸಿಬಿಯವರು ಕಂಬದಿಂದ ಬಿಡಿಸಿ ಬದಿಗೆ ಮಲಗಿಸಿದರು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ದಿಮ್ಮಿ ಯಾರದು

ಭಾನುವಾರ ಮಧ್ಯಾಹ್ನದ ಹೊತ್ತಿಗೆ ರಸ್ತೆ ಬದಿಯ ದಿಮ್ಮಿಗಳ ಸುತ್ತ ಜನ ಸೇರತೊಡಗಿದರು. ರಾತ್ರಿಯೆಲ್ಲ ಬೆವರು ಸುರಿಸಿದವರಿಗೆ ಒಂದೊಂದು ಗಾಡಿ ಸೌದೆಯಾದರೂ ಸಲ್ಲಬೇಕೆಂದು ಕೆಲವರು, ದೇವಸ್ಥಾನದ ತೇರಿನ ಕೆಲಸಕ್ಕೆ ಬೇಕೆಂದು ಕೆಲವರು, ಬುಡದ ಪಕ್ಕದ ಹೊಲ ತಮ್ಮದೆಂದು ಇನ್ನೊಬ್ಬರು. ಅರಣ್ಯ ಇಲಾಖೆಯ ಸಿಬ್ಬಂದಿ ಬಂದು ಮಹಜರ್ ಮಾಡಿ, ಪ್ರತಿ ದಿಮ್ಮಿಯ ಸುತ್ತಳತೆ ಮತ್ತು ಉದ್ದ ಬರೆದುಕೊಂಡರು. ಇಲಾಖೆಯ ಅಳತೆಯಲ್ಲಿ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸುತ್ತಾರೆ. ಎರಡು ಮೀಟರ್ ಸುತ್ತಳತೆಯ, ಮೂರು ಮೀಟರ್ ಉದ್ದದ ದಿಮ್ಮಿ ಹೀಗೆ 0.75 ಘನ ಮೀಟರ್ ಆಗುತ್ತದೆ. ನಿಜವಾದ ಗಾತ್ರ ಇದಕ್ಕಿಂತ ಹೆಚ್ಚು, ಸುಮಾರು 0.95 ಘನ ಮೀಟರ್. ಹಸಿ ಹುಣಸೆಯ ಅಂಥ ದಿಮ್ಮಿ ಒಂದು ಟನ್ನಿನ ಆಸುಪಾಸು ತೂಗುತ್ತದೆ. ಹೆಗಲು ಕೊಟ್ಟು ಉರುಳಿಸಲು ಹೋಗಿ ಕಾಲು ಜಜ್ಜಿಕೊಳ್ಳುವವರು ಈ ಲೆಕ್ಕ ತಿಳಿಯದವರೇ. ದೊಡ್ಡ ದಿಮ್ಮಿಗಳು ಹರಾಜಿಗೆ ಹೋದವು, ರೆಂಬೆಗಳನ್ನು ಊರಿನವರು ಒಯ್ದರು. ನಮ್ಮ ತಂಡದವರು ಒಂದು ಕಡ್ಡಿಯನ್ನೂ ಮುಟ್ಟಬಾರದೆಂದು ಹಿರಿಯರು ಮೊದಲೇ ಕಟ್ಟುಮಾಡಿದ್ದರು. ಮುಂದಿನ ಬಾರಿ ಬೇರೊಂದು ಊರಿಗೆ ಹೋದಾಗ ನಮ್ಮನ್ನು ಸೌದೆ ವ್ಯಾಪಾರಿಗಳೆಂದು ಯಾರೂ ಅನುಮಾನಿಸಬಾರದೆಂಬುದು ಅವರ ಎಣಿಕೆ.

ಪೂರ್ವದ ಸಾಲೇ ಏಕೆ ಬಿತ್ತು

ಗಾಳಿಯ ಬಿರುಸನ್ನು ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ 8ನೆಯ ಹಂತ, ಅಂದರೆ ಗಂಟೆಗೆ 62ರಿಂದ 74 ಕಿಲೋಮೀಟರ್, ರೆಂಬೆ ಮುರಿಯುವ ಗಾಳಿ. ಮರಗಳು ಬುಡಮೇಲಾಗುವುದು 10ನೆಯ ಹಂತದಲ್ಲಿ, 89ರಿಂದ 102 ಕಿಲೋಮೀಟರ್ ವೇಗದಲ್ಲಿ. ವೇಗ ಒಂದೂವರೆ ಪಟ್ಟಾದರೆ ಒತ್ತಡ ಎರಡೂಕಾಲು ಪಟ್ಟಾಗುವುದರಿಂದ ಈ ಎರಡು ಹಂತಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ. ಅಂದಿನ ಗಾಳಿ ಹತ್ತನೆಯ ಹಂತದ್ದಾಗಿದ್ದರೆ ಪಶ್ಚಿಮದ ಸಾಲಿನಲ್ಲೂ ಒಂದಾದರೂ ಮರ ಬೀಳಬೇಕಿತ್ತು. ಅಲ್ಲಿ ಬಿದ್ದದ್ದು ಬರೀ ಟೊಂಗೆಗಳು. ಎರಡೂ ಸಾಲುಗಳ ವಯಸ್ಸು ಒಂದೇ, ಮಣ್ಣು ಒಂದೇ, ನಡುವಿನ ಅಂತರ ಒಂದು ರಸ್ತೆಯ ಅಗಲ.

ಉತ್ತರ ಸಿಕ್ಕಿದ್ದು ಎದ್ದು ನಿಂತ ಬೇರಿನ ತಟ್ಟೆಗಳಲ್ಲಿ. ಪೂರ್ವದ ಸಾಲಿನ ಹಿಂದೆ, ಹೊಲದ ಅಂಚಿನಲ್ಲಿ, ಎರಡು ವರ್ಷದ ಹಿಂದೆ ನೀರಿನ ಪೈಪ್ ಹೂಳಲು ಮೂರಡಿ ಆಳದ ಕಾಲುವೆ ತೋಡಿದ್ದರು. ಅದು ಕಾಂಡಗಳಿಂದ ಎರಡಡಿಯೂ ದೂರವಿರಲಿಲ್ಲ. ಐದೂ ಮರಗಳ ಪೂರ್ವದ ಕಡೆಯ ಬೇರುಗಳು ಗೆರೆ ಎಳೆದಂತೆ ನೇರವಾಗಿ ತುಂಡಾಗಿದ್ದವು. ತುದಿಗಳು ಕಪ್ಪಾಗಿ, ಕೆಲವು ಬೆರಳಿಗೆ ಪುಡಿಯಾಗುವಷ್ಟು ಕೊಳೆತಿದ್ದವು. ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು-ಮೂರು ಅಡಿ ಮಣ್ಣಿನಲ್ಲಿಯೇ ಅಡ್ಡಡ್ಡ ಹರಡಿರುತ್ತವೆ. ಗಾಳಿ ಬರುವ ಕಡೆಯ ಬೇರುಗಳು ಗುಡಾರದ ಹಗ್ಗದಂತೆ ಎಳೆದು ಹಿಡಿದು ಮರವನ್ನು ನಿಲ್ಲಿಸುತ್ತವೆ. ಮೂಡಲ ಗಾಳಿಗೆ ಎದುರಾಗಿ ಹಿಡಿಯಬೇಕಿದ್ದ ಹಗ್ಗಗಳನ್ನೇ ಕತ್ತರಿಸಲಾಗಿತ್ತು. ಪೈಪ್ ಬೇಡವಾಗಿತ್ತೆಂದು ಯಾರೂ ಹೇಳಲಾರರು, ಆ ನೀರನ್ನೇ ನಾವೂ ಕುಡಿದೆವು. ಅದೇ ಪೈಪ್ ರಸ್ತೆಯ ಅಂಚಿನಿಂದ ಆರಡಿ ಆಚೆಗೆ ಹೋಗಿದ್ದರೆ ಹೊಲದ ಮಾಲೀಕರು ಒಪ್ಪುತ್ತಿರಲಿಲ್ಲವೆಂಬುದು ಕೆಲಸ ಮಾಡಿಸಿದವರ ಸಮಜಾಯಿಷಿ ಎಂದು ಊರಿನಲ್ಲಿ ಕೇಳಿದೆ.

ಪೂರ್ವದ ಸಾಲಿನಲ್ಲಿ ಉಳಿದ ಎರಡು ಮರಗಳನ್ನೂ ಕಡಿಸಿಬಿಡಬೇಕೆಂದು ಅಂದು ಸಂಜೆಯೇ ಊರಿನವರು ಪಟ್ಟು ಹಿಡಿದರು. ಅವುಗಳ ಬುಡ ಕೆದಕಿ ನೋಡಿದಾಗ ಒಂದರ ಬೇರುಗಳು ಅದೇ ರೀತಿ ತುಂಡಾಗಿದ್ದವು, ಇನ್ನೊಂದರ ಹತ್ತಿರ ಬಂಡೆ ಅಡ್ಡ ಬಂದು ಕಾಲುವೆ ಸುತ್ತಿ ಹೋಗಿತ್ತು. ಮೊದಲನೆಯದರ ತಲೆಯ ಭಾರವನ್ನು ಅನುಮತಿ ಪಡೆದು ಮೂರನೇ ಒಂದು ಭಾಗದಷ್ಟು ಇಳಿಸಲಾಯಿತು, ಎರಡನೆಯದನ್ನು ಹಾಗೆಯೇ ಬಿಡಲಾಯಿತು. ಪಶ್ಚಿಮದ ಸಾಲಿನ ಹಿಂದೆ ಚರಂಡಿ ತೋಡುವ ಯೋಜನೆ ಇದೆಯೆಂದು ಪಂಚಾಯಿತಿ ಸದಸ್ಯರೊಬ್ಬರು ಹೇಳಿದಾಗ, ನಾಲ್ಕನೆಯ ಮರದ ಕತ್ತರಿಸಿದ ಬೇರೊಂದನ್ನು ಹಿರಿಯರು ಅವರ ಕೈಗೆ ಕೊಟ್ಟರು. ಚರಂಡಿಯ ಗೆರೆಯನ್ನು ಆಮೇಲೆ ಬದಲಿಸಿದರೋ ಇಲ್ಲವೋ, ಕೆಲಸ ಇನ್ನೂ ಶುರುವಾಗಿಲ್ಲ.

ಆಷಾಢದಲ್ಲಿ ಬೇರೆ ಕೆಲಸಕ್ಕೆಂದು ಆ ದಾರಿಯಲ್ಲಿ ಹೋದಾಗ ನಾಲ್ಕನೆಯ ಮರದ ಹತ್ತಿರ ಬೈಕ್ ನಿಲ್ಲಿಸಿದೆ. ನೆಟ್ಟಗೆ ಕುಳಿತ ಮೋಟಿನ ಸುತ್ತ ಗೇಣುದ್ದದ ಹುಣಸೆ ಚಿಗುರು ಗುಂಪುಗುಂಪಾಗಿ ಎದ್ದಿತ್ತು. ಪಶ್ಚಿಮದ ಕಡೆಯ ಬೇರುಗಳು ತುಂಡಾಗದೆ ಉಳಿದಿದ್ದವೆಂದು ತೋರುತ್ತದೆ. ಸುಣ್ಣದಲ್ಲಿ ಬರೆದಿದ್ದ 4 ಮಳೆಗೆ ಅರ್ಧ ಅಳಿಸಿತ್ತು. ಕ್ಯಾನು ಅದರ ಕೆಳಗೇ ಇದೆ. ಅಗೆದು ತೆಗೆಯೋಣವೆಂದು ಯಾರಿಗೂ ಅನಿಸಿಲ್ಲ.